ಅಪ್‌ಡೇಟ್: ಮೊಬೈಲ್ ಡೇಟಾದಲ್ಲಿ ಮಾತ್ರ ತಪ್ಪು ಸರ್ಟಿಫಿಕೇಟ್, ಕಾರಣ ಸಿಕ್ಕಿತು

ಕೇಳಿದ್ದು ಇಷ್ಟು: ಒಂದೇ ಎಂಜಿನ್‌ಎಕ್ಸ್ (ವೆಬ್‌ಸೈಟ್ ಒದಗಿಸುವ ತಂತ್ರಾಂಶ) ಸರ್ವರ್‌ನಲ್ಲಿ ಮಲ್ಪೆಯ ಹೋಂಸ್ಟೇ, ಹಂಪನಕಟ್ಟೆಯ ಗೋಡಂಬಿ ಅಂಗಡಿ, ಎರಡು ಸೈಟ್. ಅಂಗಡಿಯದ್ದು ವೈಫೈನಲ್ಲಿ ಸರಿ. ಮೊಬೈಲ್ ಡೇಟಾದಲ್ಲಿ ಹೋಂಸ್ಟೇಯ ಸರ್ಟಿಫಿಕೇಟ್ (ಸೈಟಿನ ಗುರುತು ಖಚಿತಪಡಿಸುವ ದಾಖಲೆ) ಬಂದು ಬ್ರೌಸರ್‌ನಲ್ಲಿ ಎಚ್ಚರಿಕೆ.

ಎಲ್ಲರೂ ಅನುಮಾನಿಸಿದ ಎಸ್‌ಎನ್‌ಐಯದ್ದೇನೂ (ಯಾವ ಸೈಟ್ ಬೇಕೆಂದು ಬ್ರೌಸರ್ ಮೊದಲೇ ಹೆಸರು ಕಳಿಸುವ ವ್ಯವಸ್ಥೆ) ತಕರಾರಿಲ್ಲ. ಇಲ್ಲಿನ ವೈಫೈ ಬಳಸುವುದು ಹಳೆಯ ಇಂಟರ್ನೆಟ್ ವಿಳಾಸ ಪದ್ಧತಿ ಐಪಿವಿ4, ಮೊಬೈಲ್ ಬಳಸುವುದು ಹೊಸದಾದ ಐಪಿವಿ6. ಡಿಎನ್‌ಎಸ್‌ನಲ್ಲಿ (ಸೈಟಿನ ಹೆಸರಿಗೆ ವಿಳಾಸ ಹೇಳುವ ಪಟ್ಟಿ) ಎರಡೂ ಸೈಟಿಗೆ ಐಪಿವಿ6 ವಿಳಾಸವಿದೆ, ಆದರೆ ಐಪಿವಿ6 ಸಂಪರ್ಕ ಸ್ವೀಕರಿಸುವ ‘ಲಿಸನ್ [::]:443 ಎಸ್‌ಎಸ್‌ಎಲ್;’ ಸಾಲು ಇದ್ದದ್ದು ಹೋಂಸ್ಟೇ ಬ್ಲಾಕಿನಲ್ಲಿ (ಎಂಜಿನ್‌ಎಕ್ಸ್ ಸೆಟ್ಟಿಂಗ್ ಫೈಲಿನಲ್ಲಿ ಆ ಸೈಟಿನ ಭಾಗ) ಮಾತ್ರ. ಆ ದಾರಿಯಲ್ಲಿ ಬಂದವರಿಗೆ ಬೇರೆ ಬ್ಲಾಕೇ ಇಲ್ಲ. ಬ್ರೌಸರ್ ಯಾವ ಹೆಸರು ಕಳಿಸಿದರೂ ಹೋಂಸ್ಟೇಯದ್ದೇ ಸರ್ಟಿಫಿಕೇಟ್.

ಅಂಗಡಿಯ ಬ್ಲಾಕಿಗೂ ಆ ಸಾಲು ಸೇರಿಸಿ, ಸೆಟ್ಟಿಂಗ್ ಪರೀಕ್ಷಿಸುವ ‘ಎಂಜಿನ್‌ಎಕ್ಸ್ -ಟಿ’ ಸರಿ ಅಂದಮೇಲೆ ರೀಲೋಡ್ ಮಾಡಿದರೆ ಸಾಕು. ಪರೀಕ್ಷೆಗೆ ಬ್ರೌಸರ್ ನಂಬಬೇಡಿ. ಸೈಟಿನ ವಿಳಾಸ ಕೊಟ್ಟು ಕರ್ಲ್ ಎಂಬ ಕಮಾಂಡಿನ ‘ಕರ್ಲ್ -ವಿ -4’ (ಐಪಿವಿ4 ಮೂಲಕ), ‘ಕರ್ಲ್ -ವಿ -6’ (ಐಪಿವಿ6 ಮೂಲಕ) ಎರಡನ್ನೂ ಓಡಿಸಿ, ಸರ್ಟಿಫಿಕೇಟ್ ಯಾರ ಹೆಸರಿನದೆಂದು ಹೇಳುವ ಸಬ್ಜೆಕ್ಟ್ ಸಾಲು ನೋಡಿ. ಗೊತ್ತಿಲ್ಲದ ಹೆಸರುಗಳಿಗೆ ಪ್ರತ್ಯೇಕ ಡೀಫಾಲ್ಟ್ ಬ್ಲಾಕ್ ಇಟ್ಟು, ಸರ್ಟಿಫಿಕೇಟ್ ಕೊಡದೆ ಸಂಪರ್ಕ ನಿರಾಕರಿಸುವ ‘ಎಸ್‌ಎಸ್‌ಎಲ್_ರಿಜೆಕ್ಟ್_ಹ್ಯಾಂಡ್‌ಶೇಕ್ ಆನ್;’ ಹಾಕಿದೆ. ಇದಕ್ಕೆ ಎಂಜಿನ್‌ಎಕ್ಸ್‌ನ 1.19.4 ಅಥವಾ ನಂತರದ ಆವೃತ್ತಿ ಬೇಕು.