ಗಟ್ಟಿ ಸಲೈನ್ ಒಂದು ಬಾಟಲಿ ಹಚ್ಚಿದ್ದರೆ ಸಾಕಿತ್ತಾ?

ಪ್ರಶ್ನೆ (ಜೇವರ್ಗಿ): ಡಾಕ್ಟ್ರೇ, ನಮ್ಮ ಮಾವ ಬೈಕಿನಿಂದ ಬಿದ್ದು ತೊಡೆ ಎಲುಬು ಮುರಿಯಿತು. ಬಿಪಿ ಇಳಿದಿತ್ತು. ಸಲೈನ್ ಹಚ್ಚಿ ಕಲಬುರಗಿಗೆ ಕಳಿಸಿದರು, ಅಲ್ಲಿ ರಕ್ತ ಕೊಟ್ಟ ಮೇಲೆ ಚೇತರಿಸಿಕೊಂಡರು. ಈಗ ಸಂಬಂಧಿಕರೊಬ್ಬರು, ‘ಗಟ್ಟಿ ಉಪ್ಪಿನ ಸಲೈನ್ ಅಂತ ಇದೆ, ಸಣ್ಣ ಬಾಟಲಿ ಹಚ್ಚಿದರೆ ಬಿಪಿ ತಟ್ಟನೆ ಏರುತ್ತದೆ’ ಅಂತಾರೆ. ಅದನ್ನು ಯಾಕೆ ಹಚ್ಚಲಿಲ್ಲ? ಅಪಾಯನಾ?

ಉತ್ತರ (ಅರಿವಳಿಕೆ ವೈದ್ಯ, ಕಲಬುರಗಿ): ಬಿಪಿ ಏರೋದು ನಿಜ. ಮಾಮೂಲಿ ಸಲೈನಿನಲ್ಲಿ ಉಪ್ಪು 0.9%, ಈ ಗಟ್ಟಿ ಸಲೈನಿನಲ್ಲಿ 7.5%. ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಚ್ಚಿದರೆ ನೀರು ಬಿಡುತ್ತಲ್ಲ, ಹಾಗೆ ಮೈಯೊಳಗಿನ ನೀರನ್ನು ರಕ್ತನಾಳಕ್ಕೆ ಎಳೆದುಕೊಳ್ಳುತ್ತದೆ. 250 ಎಂಎಲ್ ಸಾಕು, ಆಂಬುಲೆನ್ಸಿನಲ್ಲಿ ಒಯ್ಯೋದೂ ಸುಲಭ. ಅದಕ್ಕೇ ಒಂದು ಕಾಲದಲ್ಲಿ ಬಹಳ ಆಸೆ ಇತ್ತು.

ಆದರೆ ಅಮೆರಿಕ, ಕೆನಡಾದಲ್ಲಿ ಗಾಯವಾಗಿ, ರಕ್ತ ಸೋರಿ ಬಿಪಿ ಕುಸಿದು ಶಾಕ್‌ಗೆ ಹೋದ 853 ಜನರ ಮೇಲೆ ಪರೀಕ್ಷೆ ನಡೆಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. 28ನೇ ದಿನಕ್ಕೆ ಬದುಕುಳಿದವರು ಗಟ್ಟಿ ಸಲೈನ್ ಪಡೆದವರಲ್ಲೂ ಮಾಮೂಲಿ ಸಲೈನ್ ಪಡೆದವರಲ್ಲೂ ಹೆಚ್ಚುಕಮ್ಮಿ ಅಷ್ಟೇ, ನೂರಕ್ಕೆ 73–74. ಇನ್ನೊಂದು ವಿಷಯ ಕೇಳಿ. ಮೊದಲ 24 ಗಂಟೆ ರಕ್ತ ಕೊಡದಿದ್ದವರಲ್ಲಿ, ಗಟ್ಟಿ ಸಲೈನ್ ಪಡೆದವರ ಸಾವೇ ಜಾಸ್ತಿ. ಬಿಪಿ ಚೆನ್ನಾಗಿ ಕಂಡು ರಕ್ತ ಕೊಡೋದು ತಡವಾಯಿತೇನೋ ಅನ್ನೋ ಅನುಮಾನ ತಜ್ಞರಿಗಿದೆ. ನನಗೂ ಅದೇ ಸರಿ ಅನ್ನಿಸುತ್ತದೆ. ತೊಡೆ ಎಲುಬು ಮುರಿದರೆ ಒಳಗೇ ಒಂದು, ಒಂದೂವರೆ ಲೀಟರ್ ರಕ್ತ ಸೋರಬಹುದು, ಹೊರಗೆ ಹನಿಯೂ ಕಾಣಲ್ಲ. ಮಾನಿಟರ್‌ನಲ್ಲಿ 110 ಕಂಡ ಮಾತ್ರಕ್ಕೆ ಸೋರೋದು ನಿಂತಿದೆ ಅಂತಲ್ಲ. ಬಿಪಿ ಏಕಾಏಕಿ ಏರಿದರೆ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತುಹೋಗಲೂಬಹುದು.

ಹಾಗಂತ ಅದು ವಿಷವಲ್ಲ. ಮಿದುಳು ಊದಿಕೊಂಡಾಗ ಐಸಿಯುನಲ್ಲಿ 3%ದ್ದು ಕೊಡುತ್ತೇವೆ, ಸೋಡಿಯಂ ಮತ್ತೆ ಮತ್ತೆ ಪರೀಕ್ಷಿಸುತ್ತಾ.

ಪ್ರಶ್ನೆ: ಹಾಗಾದರೆ ಮಾಮೂಲಿ ಸಲೈನನ್ನೇ ನಾಲ್ಕೈದು ಬಾಟಲಿ ಹಚ್ಚಿದರೆ?

ಉತ್ತರ: ಬೇಡ. ರಕ್ತ ತೆಳ್ಳಗಾಗಿ ಹೆಪ್ಪು ಕಟ್ಟಲ್ಲ, ಮೈ ತಣ್ಣಗಾಗುತ್ತದೆ. ಆಕ್ಸಿಜನ್ ಹೊರೋ ಕೆಂಪು ಕಣ ಯಾವ ಸಲೈನಿನಲ್ಲೂ ಇಲ್ಲ. ತಲೆಗೆ ಪೆಟ್ಟಿಲ್ಲದಿದ್ದರೆ, ಸೋರಿಕೆ ನಿಲ್ಲಿಸೋವರೆಗೆ ಮೇಲಿನ ಬಿಪಿ 80–90 ಇದ್ದರೂ ನಾವು ಸುಮ್ನೆ ಏರಿಸೋಕೆ ಹೋಗಲ್ಲ. ಕಟ್ಟಿದ ಹೆಪ್ಪು ಕರಗದಂತೆ ತಡೆಯೋ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ ಪೆಟ್ಟಾದ 3 ಗಂಟೆಯೊಳಗೆ ಬೀಳಬೇಕು, ಅದನ್ನು ಮಾತ್ರ ಕೇಳಿ. ನಿಮ್ಮ ಕಡೆಯಿಂದ ಆಗೋದು: ಹೊರಗೆ ರಕ್ತ ಸುರಿಯುತ್ತಿದ್ದರೆ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ, 108ಕ್ಕೆ ಫೋನ್ ಮಾಡಿ, ಗಾಡಿ ಹಿಂದೆಯೇ ರಕ್ತ ಕೊಡೋ ಇಬ್ಬರನ್ನು ಕಳಿಸಿ.