ಅಪ್‌ಡೇಟ್: ಲೈಫ್‌ಗಾರ್ಡ್ ಸರ್ಟಿಫಿಕೇಟ್ ಕೈಗೆ ಬಂತು

ಮಲ್ಪೆ ಕಡಲಲ್ಲೇ ಈಜಿ ಬೆಳೆದವನಿಗೆ ಲೈಫ್‌ಗಾರ್ಡ್ ಆಗಲು ತರಬೇತಿ ಬೇಕೇ ಬೇಕಾ ಅಂತ ಮಳೆಗಾಲಕ್ಕೆ ಮುಂಚೆ ಕೇಳಿದ್ದೆ. ಬೇಕು. ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯ ಜೀವರಕ್ಷಕ ಕೋರ್ಸ್ ನೋಡು ಎಂದ ಅಣ್ಣನಿಗೆ ಥ್ಯಾಂಕ್ಸ್, ಅಲ್ಲೇ ಸೇರಿ ಪಾಸಾದೆ.

ಈಜು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಹಳೆ ಅಭ್ಯಾಸ ಬಿಡೋದು. ಯಾರಾದರೂ ಮುಳುಗುತ್ತಿದ್ದರೆ ಧುಮುಕೋದಷ್ಟೇ ನನಗೆ ಗೊತ್ತಿತ್ತು. ಈಗ ರೆಸ್ಕ್ಯೂ ಟ್ಯೂಬ್ (ಮುಳುಗುವವರು ಹಿಡಿದುಕೊಳ್ಳುವ, ನೀರಲ್ಲಿ ತೇಲುವ ಉದ್ದನೆಯ ಸಾಧನ) ಇಲ್ಲದೆ ನೀರಿಗಿಳಿಯಲ್ಲ. ಗಾಬರಿಯಾದವರ ಕೈಗೆ ಟ್ಯೂಬ್ ಸಿಗಬೇಕು, ನಮ್ಮ ಕುತ್ತಿಗೆಯಲ್ಲ. ದಡದಿಂದ ಕಡಲೊಳಗೆ ಎಳೆದೊಯ್ಯುವ ಒಳಸೆಳೆತಕ್ಕೆ ಸಿಕ್ಕರೆ ನೇರ ದಡಕ್ಕೆ ಗುದ್ದಾಡದೆ, ದಡದ ಉದ್ದಕ್ಕೂ ಅಡ್ಡವಾಗಿ ಈಜಿ ಹೊರಬರಬೇಕು.

ಸಿಪಿಆರ್ (ಉಸಿರು, ಎದೆಬಡಿತ ನಿಂತವರಿಗೆ ಮಾಡುವ ತುರ್ತು ಚಿಕಿತ್ಸೆ) ಅಂತೂ ಮಂಡಿ ನೋಯುವಷ್ಟು ಮಾಡಿಸಿದರು: 30 ಸಲ ಎದೆ ಒತ್ತಿ 2 ಸಲ ಉಸಿರು, ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಮುಳುಗಿದವರಿಗೆ ಬರೀ ಎದೆ ಒತ್ತಿದರೆ ಸಾಲದು, ಉಸಿರು ಕೊಡಲೇಬೇಕು. ನಮ್ಮೂರಲ್ಲಿ ಹೊಟ್ಟೆ ಒತ್ತಿ ನೀರು ಕಕ್ಕಿಸುವುದನ್ನು ಎಷ್ಟು ಸಲ ನೋಡಿದ್ದೇನೆ! ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಕಕ್ಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಸೋಮವಾರದಿಂದ ಬೀಚ್ ಡ್ಯೂಟಿ. ಅಮ್ಮನಿಗೆ ಇನ್ನೂ ಹೆದರಿಕೆ ಹೋಗಿಲ್ಲ, ಟ್ಯೂಬ್ ತೋರಿಸಿ ಸಮಾಧಾನ ಮಾಡಿದ್ದೇನೆ.