ಚಾರ್ಜಿಂಗ್ ಪೋರ್ಟ್ ಹಾಳಾಗಿದೆಯೋ, ಕಸ ಕಟ್ಟಿದೆಯೋ: ದುರಸ್ತಿಗಾರರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಬ್ಯಾಡಗಿಯಿಂದ): ನಾನು ಇಲ್ಲಿನ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನನ್ನದು ಟೈಪ್-ಸಿ ಪೋರ್ಟ್ ಇರುವ ಆಂಡ್ರಾಯ್ಡ್ ಫೋನ್. ಇತ್ತೀಚೆಗೆ ಕೇಬಲ್ ಪೂರ್ತಿ ಒಳಗೆ ಹೋಗುತ್ತಿಲ್ಲ. ವೈರನ್ನು ಒಂದು ಕಡೆಗೆ ಬಾಗಿಸಿ ಹಿಡಿದರೆ ಚಾರ್ಜ್ ಆಗುತ್ತದೆ, ಕೈಬಿಟ್ಟರೆ ನಿಲ್ಲುತ್ತದೆ. ಒಂದು ಅಂಗಡಿಯಲ್ಲಿ ತೋರಿಸಿದಾಗ ಫೋನನ್ನು ಬಿಚ್ಚಿ ನೋಡದೆಯೇ ಪೋರ್ಟ್ ಹೋಗಿದೆ, ಬದಲಾಯಿಸಬೇಕು ಎಂದರು. ಮಾಲು ಹೆಚ್ಚಾಗಿ ಬರುವ ಈ ಹಂಗಾಮಿನಲ್ಲಿ ಫೋನನ್ನು ಅಂಗಡಿಯಲ್ಲಿ ಬಿಟ್ಟು ಬರಲು ಸಾಧ್ಯವಿಲ್ಲ. ಮೊದಲು ಮನೆಯಲ್ಲಿ ಪರೀಕ್ಷಿಸಿ ನೋಡುವಂಥದ್ದು ಏನಾದರೂ ಇದೆಯೇ?

ಉತ್ತರ (ಹುಬ್ಬಳ್ಳಿಯ ಮೊಬೈಲ್ ದುರಸ್ತಿಗಾರರು): ನಿಮ್ಮ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕೇಬಲ್ ಪೂರ್ತಿ ಒಳಗೆ ಹೋಗುತ್ತಿಲ್ಲ ಎಂಬ ವಿಷಯ. ಪೋರ್ಟಿನ ಪಿನ್ನುಗಳು ಸವೆದಿದ್ದರೆ ಅಥವಾ ಬೋರ್ಡಿನ ಮೇಲಿನ ಬೆಸುಗೆ ಬಿಟ್ಟಿದ್ದರೆ ಕೇಬಲ್ ಸಾಮಾನ್ಯವಾಗಿ ತಳ ಮುಟ್ಟುತ್ತದೆ, ಆದರೆ ಸಡಿಲವಾಗಿ ಅಲ್ಲಾಡುತ್ತದೆ. ಪ್ಲಗ್ಗಿನ ಲೋಹದ ಭಾಗ ಸ್ವಲ್ಪ ಹೊರಗೇ ಉಳಿಯುತ್ತಿದ್ದರೆ, ತಳದಲ್ಲಿ ಕಸ ಗಟ್ಟಿಯಾಗಿ ಕುಳಿತಿದೆ ಎಂದೇ ಮೊದಲು ಅನುಮಾನಿಸಬೇಕು. ಅಂಗಿಯ ಕಿಸೆಯಲ್ಲಿರುವ ನೂಲಿನ ಎಳೆ, ಗೋಣಿಚೀಲದ ನಾರು, ಮೆಣಸಿನಕಾಯಿಯ ಪುಡಿ ಇವೆಲ್ಲ ಪೋರ್ಟಿನೊಳಗೆ ಸೇರುತ್ತವೆ. ಪ್ರತಿ ಸಲ ಕೇಬಲ್ ಚುಚ್ಚಿದಾಗಲೂ ನಾವೇ ಅವನ್ನು ತಳಕ್ಕೆ ಒತ್ತಿ ಒತ್ತಿ ಕಂಬಳಿಯಂತೆ ಗಟ್ಟಿಯಾಗಿಸುತ್ತೇವೆ. ಬ್ಯಾಡಗಿ ಕಾಯಿಯ ಪುಡಿಯಲ್ಲಿ ಎಣ್ಣೆಯಂಶ ಇರುವುದರಿಂದ ಅದು ನಾರಿಗೆ ಅಂಟಿಕೊಂಡು ಇನ್ನಷ್ಟು ಬಿಗಿಯಾಗುತ್ತದೆ. ಹೀಗಿದ್ದಾಗ ಪ್ಲಗ್ಗಿನ ಸಂಪರ್ಕಪಟ್ಟಿಗಳು ಪೋರ್ಟಿನ ಪಿನ್ನುಗಳ ತುದಿಯನ್ನು ಮಾತ್ರ ಮುಟ್ಟುತ್ತವೆ. ಬಾಗಿಸಿ ಹಿಡಿದಾಗ ಚಾರ್ಜ್ ಆಗುವುದು ಈ ಕಾರಣಕ್ಕೆ.

ಸ್ವಚ್ಛಗೊಳಿಸುವ ಮುನ್ನ ಒಳಗಿನ ರಚನೆಯನ್ನು ತಿಳಿದುಕೊಂಡಿರಿ. ಟೈಪ್-ಸಿ ಪೋರ್ಟಿನ ನಡುವೆ ಒಂದು ತೆಳುವಾದ ನಾಲಿಗೆ ಇದೆ. ಅದರ ಮೇಲ್ಭಾಗದಲ್ಲಿ 12, ಕೆಳಭಾಗದಲ್ಲಿ 12, ಒಟ್ಟು 24 ಸಂಪರ್ಕಬಿಂದುಗಳಿರುತ್ತವೆ, ಒಂದರಿಂದ ಇನ್ನೊಂದಕ್ಕೆ ಅರ್ಧ ಮಿಲಿಮೀಟರ್ ಅಂತರ. ನಾಲಿಗೆಗೂ ಹೊರಗೋಡೆಗೂ ನಡುವೆ ಇರುವ ಜಾಗ ಒಂದು ಮಿಲಿಮೀಟರಿಗಿಂತ ಕಡಿಮೆ. ಆದ್ದರಿಂದ ಹಲ್ಲುಕಡ್ಡಿಯನ್ನು ಇದ್ದ ಹಾಗೆಯೇ ಒಳಗೆ ತೂರಿಸಿದರೆ ನಾಲಿಗೆ ಮುರಿಯಬಹುದು. ಕಟ್ಟಿಗೆಯ ಹಲ್ಲುಕಡ್ಡಿಯ ತುದಿಯನ್ನು ಬ್ಲೇಡಿನಿಂದ ಎರಡೂ ಕಡೆ ಕೆತ್ತಿ ಚಪ್ಪಟೆಯಾಗಿ, ತೆಳುವಾಗಿ ಮಾಡಿಕೊಳ್ಳಿ. ಫೋನನ್ನು ಪೂರ್ತಿ ಆಫ್ ಮಾಡಿ, ಒಳ್ಳೆಯ ಬೆಳಕಿನಲ್ಲಿ ಪೋರ್ಟನ್ನು ಕೆಳಮುಖವಾಗಿ ಹಿಡಿದು, ಕಡ್ಡಿಯನ್ನು ಹೊರಗೋಡೆಗೆ ತಾಗಿಸಿಕೊಂಡೇ ತಳದವರೆಗೆ ಇಳಿಸಿ ಕಸವನ್ನು ಹೊರಕ್ಕೆ ಎಳೆಯಿರಿ. ನಾಲಿಗೆಯ ಮೇಲೆ ಭಾರ ಬೀಳಬಾರದು. ಮೂಲೆಗಳಲ್ಲಿಯೇ ಕಸ ಹೆಚ್ಚಾಗಿರುತ್ತದೆ, ಅವಸರ ಮಾಡಬೇಡಿ.

ಟಾಚಣಿ, ಸೂಜಿ, ಸೇಫ್ಟಿ ಪಿನ್ ಮತ್ತು ಸಿಮ್ ತೆಗೆಯುವ ಕಡ್ಡಿಗಳನ್ನು ದಯವಿಟ್ಟು ಒಳಗೆ ಹಾಕಬೇಡಿ. ಸಂಪರ್ಕಬಿಂದುಗಳ ಮೇಲೆ ಬಹಳ ತೆಳುವಾದ ಚಿನ್ನದ ಲೇಪನವಿದ್ದು, ಅದು ಕೆರೆದುಹೋದರೆ ಕೆಳಗಿನ ಲೋಹ ತೇವಕ್ಕೆ ತೆರೆದುಕೊಳ್ಳುತ್ತದೆ. ಪೋರ್ಟಿನ ಪಕ್ಕದಲ್ಲಿ ಕಾಣುವ ಸಣ್ಣ ರಂಧ್ರ ಸಾಮಾನ್ಯವಾಗಿ ಮೈಕ್ ಆಗಿರುತ್ತದೆ. ಅದನ್ನು ಕಸ ತುಂಬಿದ ತೂತು ಎಂದು ಭಾವಿಸಿ ಚುಚ್ಚಿದವರ ಫೋನುಗಳು ಚಾರ್ಜ್ ಆಗುತ್ತವೆ, ಆದರೆ ಆಚೆಯವರಿಗೆ ಮಾತು ಕೇಳಿಸುವುದಿಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯೂ ಬೇಡ. ಆ ಗಾಳಿಯಲ್ಲಿ ನೀರು ಮತ್ತು ಎಣ್ಣೆಯ ಹನಿಗಳಿರುತ್ತವೆ, ಅದರ ಒತ್ತಡಕ್ಕೆ ದೂಳು ಇನ್ನೂ ಒಳಕ್ಕೆ ಹೋಗುತ್ತದೆ.

ಅಂಟಿದ ಪುಡಿ ಕಡ್ಡಿಗೆ ಬಾರದಿದ್ದರೆ, 99 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಮೃದುವಾದ ಸಣ್ಣ ಬ್ರಷ್ಷನ್ನು ಅದ್ದಿ, ಹನಿ ಬೀಳದಂತೆ ಝಾಡಿಸಿ ಉಜ್ಜಬಹುದು. ಪೂರ್ತಿ ಆರಿದ ಮೇಲೆಯೇ ಚಾರ್ಜಿಗೆ ಹಾಕಬೇಕು. ಪೆಟ್ರೋಲ್, ಥಿನ್ನರ್, ಕೈಗೆ ಹಚ್ಚುವ ಸ್ಯಾನಿಟೈಸರ್ ಇವು ಅದಕ್ಕೆ ಬದಲಿಯಲ್ಲ.

ಅದೇ ಪ್ರಶ್ನೆದಾರರು: ನೀವು ಹೇಳಿದ ಹಾಗೆಯೇ ಮಾಡಿದೆ. ಕೆಂಪು ಮಿಶ್ರಿತ ಬೂದುಬಣ್ಣದ ಉಂಡೆಯೊಂದು ಹೊರಬಂತು. ಈಗ ಕೇಬಲ್ ಟಕ್ಕೆಂದು ಕೂರುತ್ತದೆ, ಕೈಬಿಟ್ಟರೂ ಚಾರ್ಜ್ ಆಗುತ್ತದೆ. ಆದರೆ ಮೊದಲಿನ ವೇಗದ ಚಾರ್ಜಿಂಗ್ ಬರುತ್ತಿಲ್ಲ.

ಉತ್ತರ: ಕೇಬಲ್ ಭದ್ರವಾಗಿ ಕೂರುತ್ತಿರುವುದು ಒಳ್ಳೆಯ ಲಕ್ಷಣ. ಇನ್ನು ಕೇಬಲ್ಲಿನ ಪ್ಲಗ್ಗಿನೊಳಗೂ ಅದೇ ಪುಡಿ ಸೇರಿರುವ ಸಾಧ್ಯತೆ ಇರುವುದರಿಂದ, ಮೊದಲು ಬೇರೆ ಒಳ್ಳೆಯ ಕೇಬಲ್ ಹಾಕಿ ನೋಡಿ. ಟೈಪ್-ಸಿ ರಚನೆಯಲ್ಲಿ ಬೇಗ ಸವೆಯುವ ಸ್ಪ್ರಿಂಗ್ ಪಟ್ಟಿಗಳನ್ನು ಬೇಕೆಂದೇ ಕೇಬಲ್ಲಿನ ಕಡೆಗೆ ಇಡಲಾಗಿದೆ. ಫೋನಿಗಿಂತ ಮೊದಲು ಕೇಬಲ್ ಹಳೆಯದಾಗಬೇಕು ಎಂಬುದೇ ಅದರ ಉದ್ದೇಶ. ಹಳೆಯ ಕೇಬಲ್ಲನ್ನೇ ನೆಚ್ಚಿಕೊಂಡು ಪೋರ್ಟನ್ನು ದೂರುವುದು ನ್ಯಾಯವಲ್ಲ.

ಬಳಿಕ ಪ್ಲಗ್ಗನ್ನು ಮೇಲೆ ಕೆಳಗೆ ತಿರುವಿ ಎರಡೂ ಬಗೆಯಲ್ಲಿ ಹಾಕಿ ನೋಡಿ. ಒಂದು ಬಗೆಯಲ್ಲಿ ವೇಗವಾಗಿಯೂ ಇನ್ನೊಂದು ಬಗೆಯಲ್ಲಿ ನಿಧಾನವಾಗಿಯೂ ಚಾರ್ಜ್ ಆದರೆ ನಾಲಿಗೆಯ ಒಂದು ಬದಿಯ ಸಂಪರ್ಕದಲ್ಲಿ ದೋಷವಿದೆ ಎಂದು ಅರ್ಥ. ವೇಗದ ಚಾರ್ಜಿಂಗ್ ಎಂಬುದು ಫೋನೂ ಚಾರ್ಜರೂ ಪರಸ್ಪರ ಒಪ್ಪಂದ ಮಾಡಿಕೊಂಡ ಮೇಲೆ ಆರಂಭವಾಗುವಂಥದ್ದು. ಆ ಒಪ್ಪಂದ ಕೆಲವು ಚಾರ್ಜರುಗಳಲ್ಲಿ ಸಿ.ಸಿ. ಪಿನ್ನುಗಳ (ಕೇಬಲ್ ಜೋಡಣೆಯನ್ನು ಗುರುತಿಸುವ ಪಿನ್ನುಗಳ) ಮೂಲಕ, ಕೆಲವು ಚಾರ್ಜರುಗಳಲ್ಲಿ ಡೇಟಾ ಪಿನ್ನುಗಳ ಮೂಲಕ ನಡೆಯುತ್ತದೆ. ಈ ಪಿನ್ನುಗಳಿಗೆ ಸಂಪರ್ಕ ಸಿಗದಿದ್ದರೆ ಚಾರ್ಜರ್ 5 ವೋಲ್ಟ್‌ನ ಸಾಮಾನ್ಯ ವೇಗದಲ್ಲಿಯೇ ಉಳಿಯುತ್ತದೆ. ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಕೇಬಲ್ಲಿನಲ್ಲಿಯಾದರೆ ಸಿ.ಸಿ. ಸಂಪರ್ಕ ಸಿಗದ ಹೊರತು ಚಾರ್ಜರ್ ವಿದ್ಯುತ್ತನ್ನೇ ಬಿಡುವುದಿಲ್ಲ. ಹೀಗಾಗಿ ಹಳೆಯ ಅಗಲ ತುದಿಯ ಕೇಬಲ್ಲಿನಲ್ಲಿ ಚಾರ್ಜ್ ಆಗುವ ಫೋನು ಸಿ-ಯಿಂದ-ಸಿ ಕೇಬಲ್ಲಿನಲ್ಲಿ ಸುಮ್ಮನಿದ್ದರೆ ಬ್ಯಾಟರಿಯನ್ನು ಬದಲಾಯಿಸಲು ಹೋಗಬೇಡಿ, ಸಿ.ಸಿ. ಪಿನ್ನನ್ನು ಪರೀಕ್ಷಿಸಲು ಹೇಳಿ.

ಪ್ರಶ್ನೆ (ಹಾವೇರಿ ತಾಲ್ಲೂಕಿನ ರೈತರು): ಹೊಲದಿಂದ ಬರುವಾಗ ಮಳೆಗೆ ಫೋನ್ ತೊಯ್ದಿತು. ಅಂದಿನಿಂದ ಚಾರ್ಜಿಗೆ ಹಾಕಿದರೆ ಪೋರ್ಟಿನಲ್ಲಿ ತೇವ ಇದೆ ಎಂಬ ಎಚ್ಚರಿಕೆ ಬರುತ್ತದೆ. ಅಕ್ಕಿಯ ಡಬ್ಬಿಯಲ್ಲಿ ಇಟ್ಟೆ, ಉಪಯೋಗವಾಗಲಿಲ್ಲ. ಫೋನ್ ಆಫ್ ಮಾಡಿ ಹಾಕಿದರೆ ಚಾರ್ಜ್ ಆಗುತ್ತದೆ. ಹಾಗೆಯೇ ಮಾಡುತ್ತಾ ಹೋಗಬಹುದೇ?

ಉತ್ತರ: ಹಾಗೆ ಮಾಡಬೇಡಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಪೋರ್ಟನ್ನು ನಿಜವಾಗಿ ಕೊಲ್ಲುವುದು ತೇವ ಮತ್ತು ವಿದ್ಯುತ್ತು ಒಟ್ಟಾದಾಗ ನಡೆಯುವ ಕ್ರಿಯೆ. ಮಳೆನೀರು ಪೋರ್ಟಿಗೆ ಹೋದಾಗ ಅಲ್ಲಿನ ಬೆವರಿನ ಉಪ್ಪು, ಎರೆಮಣ್ಣಿನ ಕಣ, ಹೊಲಕ್ಕೆ ಹಾಕಿದ ಗೊಬ್ಬರದ ಲವಣ ಎಲ್ಲವೂ ಅದರಲ್ಲಿ ಕರಗುತ್ತವೆ, ಆ ನೀರು ವಿದ್ಯುತ್ತನ್ನು ಹರಿಸುತ್ತದೆ. ಆಗ ಕೇಬಲ್ ಹಾಕಿದರೆ ವಿದ್ಯುತ್ ತರುವ ಪಿನ್ನಿಗೂ ಅದರ ನೆರೆಯ ಪಿನ್ನಿಗೂ ನಡುವೆ ವಿದ್ಯುದ್ವಿಭಜನೆ ನಡೆದು ಲೋಹವೇ ಕರಗತೊಡಗುತ್ತದೆ. ಸಿ.ಸಿ. ಪಿನ್ ವಿದ್ಯುತ್ ತರುವ ಪಿನ್ನಿನ ಮಗ್ಗುಲಲ್ಲಿಯೇ ಇರುವುದರಿಂದ ಮೊದಲ ಪೆಟ್ಟು ಹಲವು ಬಾರಿ ಅದಕ್ಕೇ ಬೀಳುತ್ತದೆ. ಪೋರ್ಟಿನಲ್ಲಿ ಹಸಿರು ಅಥವಾ ಕಪ್ಪು ಕಿಲುಬು ಕಂಡರೆ ಈ ಕ್ರಿಯೆ ಆಗಲೇ ನಡೆದಿದೆ ಎಂದು ತಿಳಿಯಬೇಕು. ಎಚ್ಚರಿಕೆ ಬಂದಾಗ ಫೋನು ಚಾರ್ಜನ್ನು ತಡೆಯುವುದು ಇದನ್ನು ತಪ್ಪಿಸಲಿಕ್ಕೆ. ಆಫ್ ಮಾಡಿ ಹಾಕುವುದೆಂದರೆ ಆ ಕಾವಲನ್ನು ದಾಟಿ ತೇವದೊಳಗೆ ವಿದ್ಯುತ್ ಹರಿಸಿದಂತೆ.

ಅಕ್ಕಿಯಲ್ಲಿ ಇಡುವುದರಿಂದ ಲಾಭವಿಲ್ಲ. ಅಕ್ಕಿಯ ನುಚ್ಚು ಮತ್ತು ಹಿಟ್ಟು ಪೋರ್ಟಿಗೆ ಸೇರಿ ಹೊಸ ತೊಂದರೆಯಾಗುತ್ತದೆ. ಐಫೋನನ್ನು ಅಕ್ಕಿಯಲ್ಲಿ ಇಡಬಾರದೆಂದು ಆಪಲ್ ಸಂಸ್ಥೆಯೇ ತನ್ನ ಬಳಕೆದಾರರಿಗೆ ಸ್ಪಷ್ಟವಾಗಿ ತಿಳಿಸಿದೆ. ಹೇರ್ ಡ್ರೈಯರಿನಂಥ ಬಿಸಿ, ಒತ್ತಡದ ಗಾಳಿ, ಒಳಗೆ ತುರುಕುವ ಹತ್ತಿ ಅಥವಾ ಕಾಗದ ಇವನ್ನೂ ಅದು ಬೇಡವೆನ್ನುತ್ತದೆ. ಸರಿಯಾದ ಕ್ರಮ ಸರಳವಾಗಿದೆ. ಕೇಬಲ್ ತೆಗೆದು, ಪೋರ್ಟ್ ಕೆಳಗಾಗುವಂತೆ ಫೋನನ್ನು ಅಂಗೈಗೆ ಮೆಲ್ಲಗೆ ತಟ್ಟಿ ನೀರನ್ನು ಇಳಿಸಿ, ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿಡಿ. ಕನಿಷ್ಠ ಅರ್ಧ ಗಂಟೆ ಕಾದು ಪರೀಕ್ಷಿಸಿ, ಎಚ್ಚರಿಕೆ ಮತ್ತೆ ಬಂದರೆ ಒಂದು ದಿನದವರೆಗೂ ಬಿಡಿ. ನಿಮ್ಮ ಫೋನಿಗೆ ವೈರ್‌ಲೆಸ್ ಚಾರ್ಜಿಂಗ್ ಇದ್ದರೆ, ಹಿಂಬದಿಯನ್ನು ಒರೆಸಿ ಅದನ್ನು ಬಳಸಬಹುದು.

ಬಹಳ ದಿನ ಕಳೆದರೂ ಎಚ್ಚರಿಕೆ ಹೋಗದಿದ್ದರೆ, ನೀರು ಆರಿ ಉಪ್ಪು ಮತ್ತು ಕಿಲುಬು ಉಳಿದಿದೆ, ಅದನ್ನೇ ಫೋನು ತೇವವೆಂದು ಓದುತ್ತಿದೆ. ಮೇಲೆ ಹೇಳಿದ ಆಲ್ಕೋಹಾಲ್ ಮತ್ತು ಬ್ರಷ್ಷಿನಿಂದ ಉಜ್ಜಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಸರಿಹೋಗದಿದ್ದರೆ ಫೋನನ್ನು ಬಿಚ್ಚಿ ಬೋರ್ಡಿನ ಕಡೆಯಿಂದಲೂ ತೊಳೆಯಬೇಕಾಗುತ್ತದೆ, ತಡಮಾಡಬೇಡಿ. ಮುಂಗಾರಿನಲ್ಲಿ ಹೊಲಕ್ಕೆ ಹೋಗುವವರು ಫೋನನ್ನು ಬಾಯಿ ಬಿಗಿಯುವ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳುವುದು ನನ್ನ ಮಟ್ಟಿಗೆ ಎಲ್ಲ ಉಪಾಯಗಳಿಗಿಂತ ಉತ್ತಮವಾದದ್ದು.

ಪ್ರಶ್ನೆ (ಗದಗ-ಬೆಟಗೇರಿಯಿಂದ): ನಮ್ಮದು ಕೈಮಗ್ಗದ ಮನೆ. ತಾಯಿಯವರ ಹಳೆಯ ಫೋನಿಗೆ ಮೈಕ್ರೊ ಯು.ಎಸ್.ಬಿ. ಪೋರ್ಟ್ ಇದೆ, ಪಿನ್ ಸಡಿಲವಾಗಿ ಜಾರಿಬೀಳುತ್ತದೆ. ಕಸವೇನೂ ಕಾಣುವುದಿಲ್ಲ. ಇಷ್ಟು ಬೇಗ ಸವೆಯುತ್ತದೆಯೇ?

ಉತ್ತರ: ಮೈಕ್ರೊ ಯು.ಎಸ್.ಬಿ. ಪೋರ್ಟನ್ನೂ ಟೈಪ್-ಸಿ ಪೋರ್ಟನ್ನೂ 10,000 ಸಲ ಹಾಕಿ ತೆಗೆಯುವುದನ್ನು ತಾಳುವಂತೆ ರೂಪಿಸಲಾಗಿದೆ. ದಿನಕ್ಕೆ ಮೂರು ಸಲ ಹಾಕಿ ತೆಗೆದರೂ ಆ ಲೆಕ್ಕ ಒಂಬತ್ತು ವರ್ಷ ದಾಟುತ್ತದೆ. ಪೋರ್ಟ್ ಅದಕ್ಕೆ ಮೊದಲೇ ಸೋಲುತ್ತಿದ್ದರೆ ಬಹುಪಾಲು ಕಾರಣ ಪಕ್ಕಕ್ಕೆ ಬೀಳುವ ಎಳೆತ: ಚಾರ್ಜಿನಲ್ಲಿದ್ದಾಗಲೇ ಫೋನ್ ಹಿಡಿದು ಮಾತನಾಡುವುದು, ಕೇಬಲ್ಲಿನ ಮೇಲೆ ಭಾರ ಬರುವಂತೆ ಫೋನನ್ನು ಎದೆಯ ಮೇಲೆ ನಿಲ್ಲಿಸಿಕೊಂಡು ನೋಡುವುದು, ವೈರ್ ಹಿಡಿದು ಕೀಳುವುದು. ಮೈಕ್ರೊ ಪೋರ್ಟಿನಲ್ಲಿ ಇನ್ನೊಂದು ಕಷ್ಟವಿದೆ. ಅದರ ಪ್ಲಗ್ ಒಂದೇ ದಿಕ್ಕಿನಲ್ಲಿ ಹೋಗುವಂಥದ್ದು, ಕತ್ತಲೆಯಲ್ಲಿ ತಿರುಗುಮುರುಗಾಗಿ ಒತ್ತಿದರೆ ಐದು ಪಿನ್ನುಗಳಿರುವ ಸಣ್ಣ ಪಟ್ಟಿ ಬಾಗುತ್ತದೆ.

ಮೊದಲು ಹೊಸ ಕೇಬಲ್ ಹಾಕಿ. ಮೈಕ್ರೊ ಪ್ಲಗ್ಗಿನ ಕೆಳಗಿರುವ ಎರಡು ಸಣ್ಣ ಕೊಕ್ಕೆಗಳು ಸವೆದರೂ ಅದು ಜಾರುತ್ತದೆ. ಹೊಸ ಕೇಬಲ್ಲೂ ಜಾರಿದರೆ ಪೋರ್ಟನ್ನು ಬದಲಾಯಿಸಲೇಬೇಕು. ಮಗ್ಗದ ಮನೆಯಲ್ಲಿ ನೂಲಿನ ಎಳೆ ಸದಾ ಗಾಳಿಯಲ್ಲಿರುವುದರಿಂದ, ಫೋನನ್ನು ಮಗ್ಗದ ಹತ್ತಿರ ಪೋರ್ಟ್ ಮೇಲ್ಮುಖವಾಗಿ ಇಡದಂತೆ ತಾಯಿಯವರಿಗೆ ಹೇಳಿ.

ಪ್ರಶ್ನೆ (ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಿಂದ): ಪೋರ್ಟಿನಲ್ಲಿಯೇ ಉಳಿಯುವ ಮ್ಯಾಗ್ನೆಟ್ ತುದಿಗಳು ಸಿಗುತ್ತವೆ. ಅವನ್ನು ಹಾಕಿದರೆ ಪೋರ್ಟ್ ಸವೆಯುವುದಿಲ್ಲವಂತೆ. ಲೇಥ್ ಕೆಲಸ ಮಾಡುವವರಿಗೆ ಒಳ್ಳೆಯದೇ?

ಉತ್ತರ: ನಿಮಗಂತೂ ಖಂಡಿತ ಬೇಡ. ಲೇಥಿನ ಕಬ್ಬಿಣದ ಚೂರುಗಳನ್ನು ಆ ಅಯಸ್ಕಾಂತ ತನ್ನೆಡೆಗೆ ಸೆಳೆಯುತ್ತದೆ, ಅವು ಎರಡು ಸಂಪರ್ಕಗಳ ನಡುವೆ ಸೇತುವೆಯಾದರೆ ಶಾರ್ಟ್ ಆಗುತ್ತದೆ. ರಬ್ಬರಿನ ಸಣ್ಣ ಮುಚ್ಚಳ ಹಾಕಿಕೊಳ್ಳಿ, ತೊಯ್ದ ಪೋರ್ಟಿಗೆ ಮಾತ್ರ ಅದನ್ನು ಹಾಕಬೇಡಿ.

ಪ್ರಶ್ನೆ (ಧಾರವಾಡದ ವಿದ್ಯಾರ್ಥಿನಿ): ನನ್ನ ಫೋನಿನ ಪೋರ್ಟ್ ಬದಲಾಯಿಸಲೇಬೇಕಾಗಿದೆ ಎಂದು ಎರಡು ಅಂಗಡಿಗಳಲ್ಲಿ ಹೇಳಿದ್ದಾರೆ, ಆದರೆ ಅವರು ಹೇಳಿದ ದರಗಳಲ್ಲಿ ಬಹಳ ವ್ಯತ್ಯಾಸವಿದೆ. ಏನು ಕೇಳಬೇಕು, ಏನು ನೋಡಬೇಕು?

ಉತ್ತರ: ದರದ ವ್ಯತ್ಯಾಸಕ್ಕೆ ನ್ಯಾಯವಾದ ಕಾರಣವೂ ಇರಬಹುದು. ಅನೇಕ ಫೋನುಗಳಲ್ಲಿ ಪೋರ್ಟ್ ಒಂದು ಸಣ್ಣ ಸಬ್ ಬೋರ್ಡಿನ ಮೇಲಿರುತ್ತದೆ. ಅಂಥಲ್ಲಿ ಇಡೀ ಸಬ್ ಬೋರ್ಡನ್ನೇ ಬದಲಾಯಿಸಬಹುದು, ಇಲ್ಲವೇ ಪೋರ್ಟನ್ನು ಮಾತ್ರ ಬಿಸಿಗಾಳಿಯ ಯಂತ್ರದಿಂದ ಕಿತ್ತು ಹೊಸದನ್ನು ಬೆಸೆಯಬಹುದು. ಮೊದಲನೆಯದು ಬೇಗ ಮುಗಿಯುವ ಕೆಲಸ, ಆದರೆ ಸಬ್ ಬೋರ್ಡ್ ಕೀಳುಮಟ್ಟದ್ದಾದರೆ ವೇಗದ ಚಾರ್ಜಿಂಗ್ ಹೋಗುತ್ತದೆ, ಮೈಕ್ ಅದೇ ಬೋರ್ಡಿನ ಮೇಲಿದ್ದರೆ ಧ್ವನಿಯೂ ಕೆಡುತ್ತದೆ. ಎರಡನೆಯದರಲ್ಲಿ ಮೂಲ ಬೋರ್ಡ್ ಉಳಿಯುತ್ತದೆ, ಆದರೆ ಬೆಸೆಯುವವರ ಕೈ ಚೆನ್ನಾಗಿರಬೇಕು. ಕೈ ಪಳಗಿದವರು ಸಿಕ್ಕರೆ ನಾನು ಎರಡನೆಯದನ್ನೇ ಮೆಚ್ಚುತ್ತೇನೆ. ಪೋರ್ಟ್ ನೇರವಾಗಿ ಮುಖ್ಯ ಬೋರ್ಡಿನ ಮೇಲಿದ್ದರೆ ಕೆಲಸ ಇನ್ನೂ ಸೂಕ್ಷ್ಮವಾಗುತ್ತದೆ, ದರವೂ ಹೆಚ್ಚುತ್ತದೆ. ಆದ್ದರಿಂದ ಈ ಮೂರರಲ್ಲಿ ಯಾವುದನ್ನು ಮಾಡುತ್ತೀರಿ ಎಂದು ಕೇಳಿ. ಸ್ಪಷ್ಟವಾಗಿ ಉತ್ತರಿಸದ ಕಡೆ ಫೋನ್ ಕೊಡಬೇಡಿ. ವಾರಂಟಿ ಅವಧಿ ಇನ್ನೂ ಇದ್ದರೆ ಕಂಪನಿಯ ಅಧಿಕೃತ ಕೇಂದ್ರಕ್ಕೇ ಮೊದಲು ಹೋಗಿ.

ಕೊಡುವ ಮೊದಲು ಫೋಟೊ ಮತ್ತು ಓದಿನ ಕಡತಗಳನ್ನು ಬೇರೆಡೆ ಉಳಿಸಿಕೊಳ್ಳಿ. ಪೋರ್ಟ್ ಬದಲಾಯಿಸಲು ನಿಮ್ಮ ಪಾಸ್‌ವರ್ಡ್ ಅಗತ್ಯವಿಲ್ಲ. ಪರೀಕ್ಷೆಯ ಸಮಯದಲ್ಲಿ ನೀವೇ ತೆರೆದು ತೋರಿಸಬಹುದು. ಬಿಚ್ಚಿದ ಫೋನಿನ ಜಲನಿರೋಧಕ ಅಂಟು ಮೊದಲಿನಂತೆ ಉಳಿಯುವುದಿಲ್ಲ, ಹೊಸ ಅಂಟು ಹಾಕುತ್ತಾರೆಯೇ ಎಂದು ವಿಚಾರಿಸಿ, ಹಾಕಿದರೂ ಇನ್ನು ಮುಂದೆ ಅದನ್ನು ನೀರಿನಿಂದ ದೂರವಿಡಿ.

ಚಾರ್ಜರನ್ನೂ ಒಮ್ಮೆ ನೋಡಿಕೊಳ್ಳಿ, ಏಕೆಂದರೆ ಕಳಪೆ ಚಾರ್ಜರ್ ಹೊಸ ಪೋರ್ಟನ್ನೂ ಸುಡಬಲ್ಲದು. ಭಾರತದಲ್ಲಿ ಮಾರುವ ಮೊಬೈಲ್ ಚಾರ್ಜರಿನ ಮೇಲೆ ಬಿ.ಐ.ಎಸ್. (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ತಯಾರಕರದೆಂದು ತಿಳಿಯುತ್ತದೆ.

ಫೋನ್ ಮರಳಿ ಪಡೆಯುವಾಗ ಅಂಗಡಿಯಲ್ಲಿಯೇ ನಿಂತು ನಿಮ್ಮ ಸ್ವಂತ ಚಾರ್ಜರಿನಿಂದ ಪರೀಕ್ಷಿಸಿ. ಪ್ಲಗ್ಗನ್ನು ಎರಡೂ ಬಗೆಯಲ್ಲಿ ಹಾಕಿ, ವೇಗದ ಚಾರ್ಜಿಂಗಿನ ಗುರುತು ಬರುತ್ತದೆಯೇ ನೋಡಿ, ಕಂಪ್ಯೂಟರಿಗೆ ಜೋಡಿಸಿ ಕಡತ ಹೋಗುತ್ತದೆಯೇ ನೋಡಿ, ಯಾರಿಗಾದರೂ ಕರೆಮಾಡಿ ನಿಮ್ಮ ಮಾತು ಸ್ಪಷ್ಟವಾಗಿ ಕೇಳಿಸುತ್ತದೆಯೇ ಎಂದು ಕೇಳಿಕೊಳ್ಳಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಬಿಲ್ಲಿನ ಮೇಲೆ ಯಾವ ಭಾಗ ಬದಲಾಯಿತು, ಎಷ್ಟು ದಿನದ ಭರವಸೆ ಎಂಬುದನ್ನು ಬರೆಸಿಕೊಳ್ಳಿ.